ಸಿದ್ಧಾರ್ಥಿ ಸಂವತ್ಸರಕ್ಕೆ ಸೊನ್ನೆ

ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ ಹುಡುಗರು ನಂಜನಗೂಡಿನ ನಮ್ಮ ಮನೆಗೆ ಬಂದಾಗಲೆಲ್ಲ ಕೇಳುವುದು ಒಂದೇ ಮಾತು: "ಚರಿತ್ರೆ ಪಾಠಕ್ಕೆ ಹುಡುಗರು ತೂಕಡಿಸುತ್ತಾರಲ್ಲ ಸಾರ್, ಏನು ಮಾಡೋದು?" ತೂಕಡಿಸಿದರೆ ನಿಮ್ಮ ಪುಣ್ಯ ಎನ್ನುತ್ತೇನೆ ನಾನು. ಪೂರ್ತಿ ಎಚ್ಚರವಾಗಿ ಕೂತು ಕೇಳುವ ಒಬ್ಬ ಹುಡುಗ ಸಿಕ್ಕಲಿ, ಆಗ ಗೊತ್ತಾಗುತ್ತದೆ ಕಷ್ಟ ಎಂದರೇನು ಎಂದು. ನನಗೆ ಅಂಥವನೊಬ್ಬ ಸಿಕ್ಕಿದ್ದ. ಅವನಿಗೆ ಆದ ಅನ್ಯಾಯ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. "ನೀವು ರಿಟೈರಾಗಿ ಇಷ್ಟು ವರ್ಷವಾಯ್ತು, ನಿಮ್ಮ ಕೋಪ ಮಾತ್ರ ಇನ್ನೂ ಡ್ಯೂಟಿ ಮೇಲೇ ಇದೆ" ಎನ್ನುತ್ತಾಳೆ ನನ್ನ ಹೆಂಡತಿ. ಇರಲಿ ಬಿಡಿ. ಕೆಲವು ಕೋಪಗಳಿಗೆ ಪೆನ್ಷನ್ ಕೊಟ್ಟು ಕಳಿಸಬಾರದು.

ನನಗೆ ಯಾವಾಗ ಭಡ್ತಿಯಾಯಿತು, ಎಲ್ಲಿಗೆ ವರ್ಗವಾಯಿತು ಎಂಬುದನ್ನೆಲ್ಲ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಒಂದು ಯುದ್ಧದ ಇಸವಿಗಳನ್ನು ಪರೀಕ್ಷೆಗಾಗಿ ಹುಡುಗರ ಬಾಯಿಗೆ ತುರುಕಿದ ಕಥೆ ಇದು. ಹಿಂದಿನ ಮಹಾಯುದ್ಧದ್ದು. ಈಗ ಇನ್ನೊಂದು ನಡೆಯುತ್ತಿದೆಯಲ್ಲ, ಅದಕ್ಕೂ ಒಂದು ಪಟ್ಟಿ ತಯಾರಾಗಿ ನಿಮ್ಮ ಮೇಜಿಗೆ ಬಂದೇ ಬರುತ್ತದೆ.

ಆ ಯುದ್ಧ ಶುರುವಾದಾಗ ನಾನು ನಂಜನಗೂಡಿನ ಒಂದು ಶಾಲೆಯಲ್ಲಿ ಸಹಾಯಕ ಉಪಾಧ್ಯಾಯ. ಮೈಸೂರಿನಿಂದ ರೈಲಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಶನಿವಾರ ಹುಡುಗರಿಗೆ ಓದಿ ಹೇಳಬೇಕೆಂದು ಅಪ್ಪಣೆಯಾಗಿತ್ತು. ಬೆಲ್ಜಿಯಂ, ಸರ್ಬಿಯಾ ಎಂದು ಓದುತ್ತಿದ್ದರೆ ಹುಡುಗರು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಆಗ ನಡೆಯುತ್ತಿದ್ದದ್ದು ಆನಂದ ಸಂವತ್ಸರ. "ವರ್ಸದ ಎಸರು ನೋಡುದ್ರೆ ಆನಂದ, ಒಡದಾಟ ನೋಡುದ್ರೆ ಇಂಗೆ. ಇದೆಂಗೆ ಸಾ?" ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ. ನಾನು ಪತ್ರಿಕೆ ಮಡಿಸಿಟ್ಟೆ. ಮುಂದಿನ ಯುಗಾದಿಗೆ ರಾಕ್ಷಸ ಸಂವತ್ಸರ ಬಂತು. ಸಂತೆಗೆ ಬಂದ ಜನ "ಈಗ ಸರಿಯಾಯ್ತು ನೋಡಿ" ಎಂದರು.

ಯುದ್ಧ ನಿಂತಿತೆಂದು ಸುದ್ದಿ ಬಂದದ್ದು ಕಾಳಯುಕ್ತಿ ಸಂವತ್ಸರದ ಕಾರ್ತೀಕದಲ್ಲಿ. ಇನ್‌ಫ್ಲುಯೆಂಜಾ ಜ್ವರ ಮನೆಮನೆಯಲ್ಲಿ ಹೆಣ ಉರುಳಿಸಿದ್ದ ಕಾಲ ಅದು. ಕಪಿಲಾ ದಂಡೆಯಲ್ಲಿ ಸೌದೆ ಸಾಲದೆ ಜನ ಕಾದು ನಿಂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ ಶಾಲೆಗೆ ಒಂದು ಅಪ್ಪಣೆ ಬಂತು: ವಿಜಯೋತ್ಸವ ಮಾಡಿ, ಹುಡುಗರಿಗೆ ಸಕ್ಕರೆ ಹಂಚಿ, ಬಾವುಟ ಹಿಡಿಸಿ ಬೀದಿಯಲ್ಲಿ ಮೆರವಣಿಗೆ ಹೊರಡಿಸಿ. ನಾವು ಹೊರಡಿಸಿದೆವು. ತಾಯಿ ಸತ್ತು ಮೂರು ದಿನವೂ ಆಗದ ಹುಡುಗನೊಬ್ಬ ಬಾವುಟ ಹಿಡಿದು ನನ್ನ ಮುಂದೆಯೇ ನಡೆದ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಅವತ್ತು ನಾವು ಮಾಡಿದ್ದು ಯಾರದೋ ಗೆಲುವಿನ ಜಾತ್ರೆ.

ಆಮೇಲೆ ನನಗೆ ತಿರುಮಕೂಡಲು ನರಸೀಪುರಕ್ಕೆ ವರ್ಗವಾಯಿತು. ಲೋಯರ್ ಸೆಕೆಂಡರಿ ಪರೀಕ್ಷೆಯ ಚರಿತ್ರೆ ಪಾಠಕ್ಕೆ ಈ ಯುದ್ಧವನ್ನೂ ಸೇರಿಸಿದ್ದರು. ಮೇಲಿನಿಂದ ಇಸವಿಗಳ ಪಟ್ಟಿಯೊಂದು ಬಂತು. ನಮ್ಮ ಸಂಸ್ಥಾನದ ಕುದುರೆ ದಂಡು ಸಮುದ್ರ ದಾಟಿ ಹೋಗಿತ್ತು. ಕಾಳಯುಕ್ತಿಯ ಮಾರ್ಲಾಮಿ ಹಬ್ಬದ ಹೊತ್ತಿಗೆ ಹೈಫಾ ಎಂಬ ಊರನ್ನು ಗೆದ್ದುಕೊಟ್ಟಿತ್ತು. ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಹೆಡ್‌ಮಾಸ್ಟರನ್ನು ಕೇಳಿದೆ. ಮೈಸೂರಿನಲ್ಲಿ ಓದಿ ಬಂದವರು, ಬೂಟು ಹಾಕದೆ ಬಚ್ಚಲಿಗೂ ಹೋಗದ ಮನುಷ್ಯ.

"ಅದು ಪರೀಕ್ಷೆಗೆ ಬರೋದಿಲ್ಲ, ಬಸಪ್ಪನವರೇ" ಎಂದರು.

"ನಡೆದದ್ದು ನಿಜವಲ್ಲವೇ ಸಾರ್?"

"ನಡೆದದ್ದೆಲ್ಲ ಪರೀಕ್ಷೆಗೆ ಬರುತ್ತೇನ್ರೀ?"

ನಮ್ಮವರು ಸತ್ತು ಗೆದ್ದದ್ದು ನಮ್ಮ ಮಕ್ಕಳ ಪರೀಕ್ಷೆಗೇ ಬರುವುದಿಲ್ಲ! ಪಟ್ಟಿ ಮಾಡಿದ ಪುಣ್ಯಾತ್ಮರ ಕೈಗೆ ಭೂಪಟ ಸಿಕ್ಕಿರಲಿಲ್ಲವೋ, ಮರ್ಯಾದೆ ಸಿಕ್ಕಿರಲಿಲ್ಲವೋ ನಾನರಿಯೆ.

ಪಟ್ಟಿಯಲ್ಲಿದ್ದ ಇಸವಿಗಳನ್ನು ಹುಡುಗರ ತಲೆಗೆ ಹತ್ತಿಸುವುದೂ ಸುಲಭವಿರಲಿಲ್ಲ. ನಮ್ಮ ಹಳ್ಳಿಯ ಮಕ್ಕಳಿಗೆ ಫೆಬ್ರವರಿ ಎಂದರೆ ಯಾವ ಊರ ದಾಸಯ್ಯ? ಮಾಘ ಎಂದರೆ ಗೊತ್ತು, ಶಿವರಾತ್ರಿ ಎಂದರೆ ಗೊತ್ತು. ಹಿಂದಿನ ಮೇಷ್ಟರು ಬೆತ್ತದಿಂದ ಕಲಿಸುತ್ತಿದ್ದರು. ನಾನು ಬೆತ್ತ ಬದಿಗಿಟ್ಟು ಸಂವತ್ಸರ ಹಿಡಿದೆ. ಆನಂದ, ರಾಕ್ಷಸ, ನಳ, ಪಿಂಗಳ, ಕಾಳಯುಕ್ತಿ. ಯುದ್ಧದ ಐದು ಸಂವತ್ಸರಗಳು ಹುಡುಗರಿಗೆ ಮಗ್ಗಿಯ ಹಾಗೆ ಬಾಯಿಗೆ ಬಂದವು. ಬೆಳಗಿನ ಹೊತ್ತು ಹೊಳೆಯ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ, ಕಾಲು ನೀರಿನಲ್ಲಿ ಬಿಡಿಸಿ, ಪುನರಾವರ್ತನೆ ಮಾಡಿಸುತ್ತಿದ್ದೆ. ಆನಂದದ ಶ್ರಾವಣದಲ್ಲಿ ಯುದ್ಧ ಶುರು, ೧೯೧೪. ಪಿಂಗಳದ ಯುಗಾದಿ ಕಳೆದು ಅಮೆರಿಕ ಬಂತು, ೧೯೧೭. ಆ ಕಡೆ ಕಾವೇರಿ, ಈ ಕಡೆ ಕಪಿಲೆ, ನಡುವೆ ನಮ್ಮ ಯೂರೋಪು.

ಈ ಕ್ರಮದಲ್ಲಿ ಒಂದು ಗುಂಡಿ ಇದೆ, ಅದನ್ನು ನೋಡಿಕೊಂಡು ದಾಟಬೇಕು. ಇಂಗ್ಲಿಷ್ ವರ್ಷ ಜನವರಿಗೆ ಬದಲಾಗುತ್ತದೆ, ನಮ್ಮದು ಯುಗಾದಿಗೆ. ನಡುವಿನ ಮೂರು ತಿಂಗಳು ಇಸವಿ ಹೊಸದು, ಸಂವತ್ಸರ ಹಳೆಯದು. ವರ್ಡನ್ ಕಾಳಗ ಶುರುವಾದದ್ದು ರಾಕ್ಷಸ ಸಂವತ್ಸರದ ಮಾಘದಲ್ಲಿ. ಹಾಗೆಂದು ರಾಕ್ಷಸ ಎಂದರೆ ೧೯೧೫ ಎಂದು ಬರೆದರೆ ಕೆಟ್ಟೆ. ಅದು ೧೯೧೬. "ಸಂಕ್ರಾಂತಿ ಆಯ್ತಾ? ಯುಗಾದಿ ಬರೋ ತನಕ ಇಸವಿಗೆ ಒಂದು ಸೇರ್ಸು" ಎಂದು ಪಾಠ ಮುಗಿಯುವಾಗಲೆಲ್ಲ ಹೇಳಿಸುತ್ತಿದ್ದೆ.

ಹುಡುಗರು ಪಟಪಟ ಉತ್ತರ ಹೇಳುವುದನ್ನು ಕಂಡು ಹೆಡ್‌ಮಾಸ್ಟರಿಗೆ ತನಿಖೆಗೆ ಬರುವವರ ಮುಂದೆ ಮೆರೆಯುವ ಆಸೆಯಾಯಿತು. ನನ್ನ ತಂಗಿಯ ಮದುವೆಗೆಂದು ನಾನು ದೇವನೂರಿಗೆ ರಜೆಯ ಮೇಲೆ ಹೋದದ್ದೇ ತಡ, ಗೋಡೆಯ ಮೇಲೆ ದೊಡ್ಡದಾಗಿ ಕಾವಿಯಲ್ಲಿ ಬರೆಸಿದರು: ಆನಂದ ೧೯೧೪, ರಾಕ್ಷಸ ೧೯೧೫, ಹೀಗೆ ಕೊನೆಯವರೆಗೆ. ಯುಗಾದಿಯ ಗುಂಡಿಯ ವಿಚಾರ ಅವರಿಗೆ ಗೊತ್ತೇ ಇಲ್ಲ! ಇನ್‌ಸ್ಪೆಕ್ಟರು ಶಾಲೆಯ ತನಿಖೆಗೆ ಬಂದು ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ ವರ್ಡನ್ ೧೯೧೫ ಎಂದಿತು. ಗೋಡೆಯನ್ನು ನಂಬದೆ ಮಕ್ಕಳು ಇನ್ನಾರನ್ನು ನಂಬಬೇಕು?

ನಾನು ರಜೆಯಿಂದ ಬರುವ ಹೊತ್ತಿಗೆ ಗೋಡೆಗೆ ಹೊಸ ಸುಣ್ಣ ಬಳಿದಾಗಿತ್ತು. "ಇದೆಲ್ಲ ಬಸಪ್ಪನವರ ಪಂಚಾಂಗದ ಪಾಠ" ಎಂದು ಹೆಡ್‌ಮಾಸ್ಟರು ವರದಿ ಮಾಡಿದ್ದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬುದನ್ನು ನಾನು ಗಾದೆ ಎಂದುಕೊಂಡಿದ್ದೆ, ನಮ್ಮ ಶಾಲೆಯಲ್ಲಿ ಅದು ಆಡಳಿತ. ಕೂಡಲೇ ಹುಕುಂ ಬಂತು: ತರಗತಿಯಲ್ಲಿ ಸಂವತ್ಸರದ ಮಾತೆತ್ತಬಾರದು, ಉತ್ತರಪತ್ರಿಕೆಯಲ್ಲಿ ಸಂವತ್ಸರ ಕಂಡರೆ ಆ ಪ್ರಶ್ನೆಗೆ ಸೊನ್ನೆ. ಅಪ್ಪ ಅಜ್ಜ ಹುಟ್ಟಿದ್ದು ಸತ್ತದ್ದನ್ನೆಲ್ಲ ಯಾವುದರಿಂದ ಎಣಿಸುತ್ತಿದ್ದರೋ ಅದೇ ಈಗ ತಪ್ಪು ಉತ್ತರವಾಯಿತು.

ಆ ವರ್ಷ ಪರೀಕ್ಷೆಗೆ ಕೂರಬೇಕಾಗಿದ್ದವರಲ್ಲಿ ಹೆಮ್ಮಿಗೆಯ ಮರೀಗೌಡ ಒಬ್ಬ. ನಾನು ಮೊದಲು ಹೇಳಿದ ಎಚ್ಚರದ ಹುಡುಗ ಇವನೇ. ಅವನ ಅಣ್ಣ ಕಾಳೇಗೌಡ ಕುದುರೆ ದಂಡಿನ ಜೊತೆ ಕಾಸ್ತಾರನಾಗಿ ಹೋಗಿದ್ದ. ಕುದುರೆಗೆ ಮೇವು ನೀರು ನೋಡುವ, ಮೈ ಉಜ್ಜುವ ಕೆಲಸ. ಯುದ್ಧ ನಿಂತ ಮೇಲೂ ದಂಡು ಈಜಿಪ್ಟಿನಲ್ಲೇ ಉಳಿಯಿತು. ಇವತ್ತು ಬರುತ್ತಾನೆ ನಾಳೆ ಬರುತ್ತಾನೆ ಎಂದು ಮನೆಯವರು ಕಾದರು. ಕಾಳಯುಕ್ತಿ ಕಳೆದು ಸಿದ್ಧಾರ್ಥಿ ಸಂವತ್ಸರ ಬಂದು, ಅದರ ಕಾರ್ತೀಕದಲ್ಲಿ ಅವನು ಅಲ್ಲೇ ಜ್ವರದಿಂದ ತೀರಿಹೋದ. ಯುದ್ಧದಲ್ಲಿ ಮಡಿದ ಎಂದೇ ಸರ್ಕಾರದಿಂದ ಮನೆಗೆ ತಿಳಿಸಿದರು.

ಅವನ ತಾಯಿ ಸಣ್ಣಮ್ಮ ಪರೀಕ್ಷೆಗೆ ಮುಂಚೆ ನರಸೀಪುರದ ಸಂತೆಗೆ ಬಂದವಳು ಶಾಲೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು.

"ಮೇಷ್ಟ್ರೇ, ಈ ಉಡುಗ ಪಾಸಾಗ್ಬೇಕು ಕಣಪ್ಪ. ಪಾಸಾದ್ರೆ ನಿಮ್ಮಂಗೆ ಕುರ್ಚಿ ಮೇಲೆ ಕೂತ್ಕತಾನೆ. ಇಲ್ದಿದ್ರೆ ಇವ್ನೂ ಕುದ್ರೆ ಇಂದೆ ಓಯ್ತೀನಿ ಅಂತಾನೆ. ಅವರಪ್ಪ ಇದೊಂದೇ ವರ್ಸ ಅಂತ ಏಳ್ಬುಟ್ಟವ್ರೆ."

"ಪಾಸಾಗ್ತಾನೆ, ಹೋಗಮ್ಮ. ಬುದ್ಧಿವಂತ ಹುಡುಗ" ಎಂದೆ. ಅದು ಸುಳ್ಳಲ್ಲ. ಅವನಷ್ಟು ಚೆನ್ನಾಗಿ ಯುದ್ಧದ ಕ್ರಮ ತಿಳಿದವನು ಆ ತರಗತಿಯಲ್ಲೇ ಇರಲಿಲ್ಲ. ಆದರೆ ಪುನರಾವರ್ತನೆಯಲ್ಲಿ ಕೊನೆಯ ಸಾಲು ಬಂದಾಗ ಮಾತ್ರ ಅವನ ಬಾಯಿ ಕಟ್ಟುತ್ತಿತ್ತು. ಎಲ್ಲರೂ "೧೯೧೮ ನವೆಂಬರ್ ಹನ್ನೊಂದು, ಯುದ್ಧ ಮುಕ್ತಾಯ" ಎಂದು ಕೂಗಿದರೆ ಇವನು ನೀರನ್ನು ನೋಡುತ್ತ ಕೂರುತ್ತಿದ್ದ. ಹೆಡ್‌ಮಾಸ್ಟರು ಅವನು ತರಗತಿಯಲ್ಲೂ ಹೀಗೇ ಮಾಡಿದ್ದಕ್ಕೆ ಎರಡು ಸಲ ಬೆತ್ತದಿಂದ ಬಾರಿಸಿದರು. ಮೂರನೆಯ ಸಲಕ್ಕೆ ಮುಂಚೆ ನಾನು ಅವನನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದೆ.

"ಯಾಕಪ್ಪ, ಬರಲ್ವಾ?"

"ಬತ್ತದೆ ಸಾ. ಆದ್ರೆ ಅದು ನಿಜ ಅಲ್ವಲ್ಲ. ಅವತ್ತೇ ಮುಗುದಿದ್ರೆ ನಮ್ಮಣ್ಣ ಯಾವ ಯುದ್ಧದಲ್ಲಿ ಸತ್ತ?"

ಕದನ ನಿಲ್ಲುವುದು ಬೇರೆ, ಶಾಂತಿ ಒಪ್ಪಂದ ಬೇರೆ, ದಂಡು ಊರಿಗೆ ಮರಳುವುದು ಬೇರೆ ಎಂದು ನಾನು ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅಂಗಂದ್ರೆ ಮೂರು ಮುಕ್ತಾಯ ಅವೆ ಸಾ. ಪಟ್ಟೀಲಿ ಒಂದೇ ಅದೆ" ಎಂದ. ಹದಿನಾಲ್ಕು ಹದಿನೈದರ ಹುಡುಗನ ಬಾಯಲ್ಲಿ ಬಂದ ಈ ಮಾತಿಗಿಂತ ದೊಡ್ಡ ಚರಿತ್ರೆಯ ಪಾಠ ನನಗೆ ಯಾರೂ ಹೇಳಿಲ್ಲ. ಆದರೂ ನಾನು ಮೇಷ್ಟರಲ್ಲವೇ? ಪರೀಕ್ಷೆಯಲ್ಲಿ ಅವರು ಕೇಳಿದ್ದನ್ನು ಬರೆದು ಪಾಸಾಗು, ನಿಮ್ಮ ತಾಯಿ ಕಾಯುತ್ತಿದ್ದಾಳೆ ಎಂದೆ. "ಆಗ್ಲಿ ಸಾ" ಎಂದ.

ಪರೀಕ್ಷೆ ಮೈಸೂರಿನಲ್ಲಿ ನಡೆಯಿತು. ಫಲಿತಾಂಶ ಬಂದಾಗ ಮರೀಗೌಡನ ಹೆಸರಿರಲಿಲ್ಲ. ಲೆಕ್ಕದಲ್ಲಿ, ಕನ್ನಡದಲ್ಲಿ, ಭೂಗೋಳದಲ್ಲಿ ಎಲ್ಲ ಚೆನ್ನಾಗಿಯೇ ಬಂದಿತ್ತು. ಚರಿತ್ರೆಯಲ್ಲಿ ನಪಾಸು, ಹಾಗಾಗಿ ಎಲ್ಲದರಲ್ಲೂ ನಪಾಸು. ನನಗೆ ನಂಬಿಕೆಯೇ ಬರಲಿಲ್ಲ.

ಕಾರಣ ತಿಳಿದದ್ದು ನರಸೀಪುರದ ಪ್ರವಾಸಿ ಬಂಗಲೆಯಲ್ಲಿ ಸೇರಿದ ಉಪಾಧ್ಯಾಯರ ಸಭೆಯಲ್ಲಿ. ಇನ್‌ಸ್ಪೆಕ್ಟರು ಅಲ್ಲಿ ಒಂದು ಅಭ್ಯಾಸ ಇಟ್ಟುಕೊಂಡಿದ್ದರು. ಕಾಫಿಯಾದ ಮೇಲೆ, ಆ ವರ್ಷ ಹುಡುಗರು ಬರೆದ ಹಾಸ್ಯಾಸ್ಪದ ಉತ್ತರಗಳನ್ನು ಆರಿಸಿ ಓದುವುದು. ನಾವೆಲ್ಲ ನಗಬೇಕು. ನಗದಿದ್ದರೆ ಅವರಿಗೆ ಬೇಸರ. ಹಾಗೆ ಒಂದೆರಡು ಓದಿ ನಗಿಸಿ, "ಇದು ಕೇಳಿ, ಇದು ನಿಮ್ಮ ಊರಿನದೇ ರತ್ನ" ಎಂದು ಇನ್ನೊಂದನ್ನು ತೆಗೆದರು. ಯುದ್ಧದ ಘಟನೆಗಳನ್ನು ಇಸವಿಯೊಂದಿಗೆ ಕ್ರಮವಾಗಿ ಬರೆಯಿರಿ ಎಂಬುದು ಪ್ರಶ್ನೆ. ಹುಡುಗ ಎಲ್ಲವನ್ನೂ ಸರಿಯಾಗಿ ಬರೆದಿದ್ದ. ಯುದ್ಧದ ಮುಕ್ತಾಯವನ್ನು ಮಾತ್ರ ಶಾಂತಿ ಒಪ್ಪಂದದ ಕೆಳಗೆ ಇಟ್ಟಿದ್ದ. ಅದರ ಎದುರಿಗೆ ಹೀಗೆ ಬರೆದಿದ್ದ: "ಯೂರೋಪಿನವರಿಗೆ ೧೯೧೮. ನಮ್ಮ ಮನೆಗೆ ಸಿದ್ಧಾರ್ಥಿ ಸಂವತ್ಸರದ ಕಾರ್ತೀಕದಲ್ಲಿ ಮುಗಿಯಿತು. ಆದ್ದರಿಂದ ೧೯೧೯."

ಸಭೆ ಗೊಳ್ಳೆಂದಿತು. ನಮ್ಮ ಹೆಡ್‌ಮಾಸ್ಟರು ಕಣ್ಣೀರು ಬರುವ ಹಾಗೆ ನಕ್ಕರು. "ನಮ್ಮ ಮನೆಗೆ ಮುಗಿಯಿತಂತೆ! ಮಹಾಯುದ್ಧ ಏನು ಇವರ ಮನೆ ಜಗಳವೇ?" ಎಂದರು ಇನ್‌ಸ್ಪೆಕ್ಟರು. ಕ್ರಮ ತಪ್ಪಿದ್ದಕ್ಕೆ ಇಡೀ ಪ್ರಶ್ನೆಗೆ ಸೊನ್ನೆ, ಸಂವತ್ಸರ ಬರೆದದ್ದಕ್ಕೆ ಮತ್ತೊಮ್ಮೆ ಸೊನ್ನೆ ಕೊಡಬೇಕಿತ್ತು ಎಂದು ಚಟಾಕಿ ಹಾರಿಸಿದರು.

ನಾನು ಎದ್ದು ನಿಂತೆ.

"ಸ್ವಾಮಿ, ಆ ಹುಡುಗನ ಅಣ್ಣ ನಿಮ್ಮ ಯುದ್ಧದಲ್ಲಿ ಸತ್ತಿದ್ದಾನೆ. ೧೯೧೯ರಲ್ಲಿ."

ನಗು ನಿಂತಿತು. ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪ. ಆದರೆ ಅದು ಕುಟುಂಬದ ವಿಷಯ, ಚರಿತ್ರೆ ಅಲ್ಲ."

"ಕಾಸ್ತಾರ ಸತ್ತರೆ ಕುಟುಂಬದ ವಿಷಯ, ಜನರಲ್ ಸತ್ತರೆ ಚರಿತ್ರೆಯೇ ಸ್ವಾಮಿ?"

"ಬಸಪ್ಪನವರೇ, ಕೂತ್ಕೊಳ್ಳಿ" ಎಂದು ಹೆಡ್‌ಮಾಸ್ಟರು ನನ್ನ ಕೋಟು ಜಗ್ಗಿದರು. ನಾನು ಕೂರಲಿಲ್ಲ, ಹೊರಗೆ ಬಂದುಬಿಟ್ಟೆ. ಆಮೇಲೆ ನನಗೆ ಏನೇನು ತೊಂದರೆ ಕೊಟ್ಟರು ಎಂಬುದು ಇಲ್ಲಿ ಬೇಡ. ಮರೀಗೌಡನನ್ನು ಅವನ ಅಪ್ಪ ಮಾತಿನಂತೆ ಶಾಲೆ ಬಿಡಿಸಿದ.

ನಿಜವಾಗಿ ಹೊಟ್ಟೆ ಉರಿಸಿದ್ದು ಮುಂದಿನ ವರ್ಷ. ಪಾಠಪಟ್ಟಿ ಪರಿಷ್ಕರಣೆಯಾಯಿತೆಂದು ಹೊಸ ಪಟ್ಟಿ ಬಂತು. ತೆಗೆದು ನೋಡುತ್ತೇನೆ: ೧೯೧೮ ನವೆಂಬರ್, ಕದನವಿರಾಮ. ಕೆಳಗೆ: ೧೯೧೯ ಜೂನ್, ಶಾಂತಿ ಒಪ್ಪಂದ, ಯುದ್ಧ ಮುಕ್ತಾಯ. ನಾನು ಎರಡೆರಡು ಸಲ ಓದಿದೆ. ಹಿಂದಿನ ವರ್ಷ ಒಂದು ಸಂಸಾರದ ಆಸೆಯನ್ನೇ ನುಂಗಿದ ೧೯೧೯ ಈ ವರ್ಷ ಪೂರ್ಣ ಅಂಕದ ಉತ್ತರ! ಪಟ್ಟಿ ಹಿಡಿದುಕೊಂಡು ಇನ್‌ಸ್ಪೆಕ್ಟರ ಬಳಿಗೆ ಓಡಿದೆ. ಹುಡುಗನ ಪತ್ರಿಕೆಯನ್ನು ಮತ್ತೆ ನೋಡಿಸಿ ಎಂದು ಕೈಮುಗಿದೆ.

"ಹೊಸ ನಿಯಮ ಹಿಂದಕ್ಕೆ ಅನ್ವಯಿಸೋದಿಲ್ಲ" ಎಂದರು.

"ಮುಗಿದುಹೋದ ಯುದ್ಧವನ್ನೇ ಹಿಂದಿನಿಂದ ತಿದ್ದಿದ್ದೀರಿ. ಒಬ್ಬ ಹುಡುಗನ ಅಂಕ ತಿದ್ದಲಾಗುವುದಿಲ್ಲವೇ?"

"ನಿಮಗೆ ವಯಸ್ಸಾಯ್ತು, ಕೋಪ ಕಡಮೆ ಮಾಡ್ಕೊಳ್ಳಿ" ಎಂದರು. ಆಗ ನನಗೆ ನಲವತ್ತೂ ತುಂಬಿರಲಿಲ್ಲ.

ಅಂಕ ಬರದಿದ್ದರೂ ಮಾತಾದರೂ ತಲುಪಲಿ ಎಂದು ಮಾರನೆಯ ದಿನ ಹೆಮ್ಮಿಗೆಗೆ ನಡೆದೆ. ಮರೀಗೌಡ ಅಪ್ಪನ ಜೊತೆ ಗದ್ದೆಗೆ ಹೋಗಿದ್ದ. ಸಣ್ಣಮ್ಮ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ನಾನು ಉತ್ಸಾಹದಿಂದಲೇ ಹೇಳಿದೆ: "ನಿನ್ನ ಮಗ ಬರೆದದ್ದೇ ಸರಿಯಂತೆ ತಾಯಿ. ಸರ್ಕಾರದವರೇ ಈಗ ಒಪ್ಪಿಕೊಂಡಿದ್ದಾರೆ. ಯುದ್ಧ ಮುಗಿದದ್ದು ಸಿದ್ಧಾರ್ಥಿಯಲ್ಲೇ."

ಅವಳು ಮೊರ ಕೆಳಗಿಟ್ಟಳು. ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು.

"ಸಿದ್ಧಾರ್ಥೀಲಿ ಯಾವಾಗ ಅಂತಾರೆ?"

"ಆಷಾಢದಲ್ಲಿ."

ಬೆರಳು ಮಡಿಸಿ ಎಣಿಸಿದಳು. ಶ್ರಾವಣ, ಭಾದ್ರಪದ, ಆಶ್ವೀಜ, ಕಾರ್ತೀಕ. ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡಳು.

"ಇನ್ನೂ ನಾಕು ತಿಂಗ್ಳು ಸಾಲ್ದಲ್ಲ ಮೇಷ್ಟ್ರೇ" ಎಂದಳು.

ಹಳೆಯ ಪಟ್ಟಿಯಲ್ಲೂ ತಿದ್ದಿದ ಪಟ್ಟಿಯಲ್ಲೂ ಅವಳ ಮಗನಿಗೆ ಜಾಗವಿರಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟಳು, ಕುಡಿದು ಎದ್ದು ಬಂದೆ. ಅವತ್ತಿನಿಂದ ನಿವೃತ್ತಿಯಾಗುವವರೆಗೆ ಹೊಸ ಪಟ್ಟಿಯನ್ನೇ ಕಲಿಸಿದೆ, ಏಕೆಂದರೆ ಹುಡುಗರು ಪಾಸಾಗಬೇಕು. ಆದರೆ ಕೊನೆಯ ಸಾಲನ್ನು ಕೂಗಿಸಲಿಲ್ಲ. ಅದು ಬಂದಾಗ ಪುಸ್ತಕ ಮುಚ್ಚಿಸಿ, ಹೆಮ್ಮಿಗೆಯ ಕಾಳೇಗೌಡನ ಕಥೆ ಹೇಳುತ್ತಿದ್ದೆ. ಹೈಫಾ ಕಥೆಯನ್ನೂ ಹೇಳುತ್ತಿದ್ದೆ. ತನಿಖೆಗೆ ಬಂದವರು ಅದನ್ನು ಕಾಲಹರಣ ಎಂದು ಬರೆದುಕೊಂಡು ಹೋದರು. ಬರೆದುಕೊಳ್ಳಲಿ.

ಹೋದ ತಿಂಗಳು ನರಸೀಪುರದ ಸಂತೆಯಲ್ಲಿ ಮರೀಗೌಡ ಸಿಕ್ಕಿದ. ತಲೆಯಲ್ಲಿ ಅಲ್ಲಲ್ಲಿ ನರೆ. ಕುದುರೆಯ ಹಿಂದೆ ಹೋಗಲಿಲ್ಲ, ಕುರ್ಚಿಯ ಮೇಲೂ ಕೂರಲಿಲ್ಲ. ಗದ್ದೆ ಅವನನ್ನು ಇಟ್ಟುಕೊಂಡಿತು. ತಾಯಿ ಹೋಗಿ ಬಹಳ ಕಾಲವಾಯಿತಂತೆ. ಅಕ್ಕನ ಮಗ ಈ ಯುದ್ಧಕ್ಕೆ ಸೇರಿ ಬರ್ಮಾದ ಕಡೆ ಹೋಗಿದ್ದಾನಂತೆ, ಕಾಗದ ಬಂದು ಬಹಳ ದಿನವಾಯಿತಂತೆ. ತನ್ನ ಮಗಳು ನರಸೀಪುರದಲ್ಲಿ ಓದುತ್ತಿದ್ದಾಳೆ, ಅವಳ ಮೇಷ್ಟರು ಈಗಲೇ ಈ ಯುದ್ಧದ ಇಸವಿಗಳನ್ನು ಬರೆಸಲು ಶುರುಮಾಡಿದ್ದಾರೆ, ಮುಕ್ತಾಯ ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದಾರೆ ಎಂದ.

"ಅವ್ರಿಗೆ ನೀವೊಂದು ಮಾತು ಏಳಿ ಸಾ" ಎಂದ ಮರೀಗೌಡ. "ರೇಡಿಯೋದಲ್ಲಿ ಮುಗೀತು ಅಂದ ತಕ್ಸಣ ತುಂಬುಸ್ಬುಡಬ್ಯಾಡಿ ಅನ್ನಿ. ಯುದ್ದಕ್ಕೆ ಓಗಿರೋರೆಲ್ಲ ಮನೆಗೆ ಬರ್ಲಿ, ಆಮೇಲೆ ಬರೆಸ್ಲಿ."

"ನಾನು ಕೆಲಸ ಬಿಟ್ಟು ಕೂತವನು. ನನ್ನ ಮಾತು ಯಾರು ಕೇಳ್ತಾರೆ ಮರೀಗೌಡ?"

"ನೀವು ಬರೆದ್ರೆ ಓದ್ತಾರೆ ಸಾ" ಎಂದ.

ಅದಕ್ಕೇ ಬರೆದೆ.